ಅಮ್ಮ ಕೇಳಿದ ಕುದುರೆ

ಸಾಯುವ ಮೊದಲು ಅಮ್ಮ ಕೇಳಿದ್ದು ಒಂದೇ. ತನ್ನ ಸಾವಿನ ದಿನ ಕಂದು ಕುದುರೆಯನ್ನು ಕೊಯ್ಯಬೇಕು, ಬಂದವರಿಗೆಲ್ಲ ಹೊಟ್ಟೆ ತುಂಬ ಮಾಂಸ ಬಡಿಸಬೇಕು. ಇದರಲ್ಲಿ ವಿಶೇಷವೇನಿಲ್ಲ, ನಾರಿನ್ ಬೆಟ್ಟಸೀಮೆಯ ನಮ್ಮ ಊರುಗಳಲ್ಲಿ ಯಾವ ಮುದುಕಿಯಾದರೂ ಕೇಳುವುದು ಇದನ್ನೇ. ವಿಶೇಷವೇನೆಂದರೆ, ಸಾವಿನ ಮನೆಯಲ್ಲಿ ಇನ್ನು ಮೇಲೆ ಯಾರೂ ಪ್ರಾಣಿ ಕೊಯ್ಯಕೂಡದು, ಚಹಾ ರೊಟ್ಟಿಯಲ್ಲೇ ಮುಗಿಸಬೇಕು ಎಂದು ಊರಿಗೆಲ್ಲ ನಿಯಮ ಮಾಡಿದವನು ಅವಳ ಗಂಡ. ಅಂದರೆ ನನ್ನ ಅಪ್ಪ.

ಅಮ್ಮನ ಹೆಸರು ಬುಬುಸಾರಾ, ಅಪ್ಪನದು ಒಮುರ್ಜಾಕ್. ಸಾಮೂಹಿಕ ಫಾರಂ ಇದ್ದ ಕಾಲದಲ್ಲಿ ಟ್ರಾಕ್ಟರ್ ಓಡಿಸುತ್ತಿದ್ದ. ಗಡ್ಡ ಬೆಳ್ಳಗಾದ ಮೇಲೆ ಊರಿನ ಅಕ್ಸಕಾಲರಿಗೆ, ಅಂದರೆ ನ್ಯಾಯ ಹೇಳುವ ಹಿರಿಯರಿಗೆಲ್ಲ ಮುಖ್ಯಸ್ಥನಾದ. ಟ್ರಾಕ್ಟರಿನ ಬುದ್ಧಿ ಮಾತ್ರ ಅವನನ್ನು ಬಿಡಲಿಲ್ಲ. ಒಂದು ಸಾಲು ಹಿಡಿದನೆಂದರೆ ನೇರ ಹೋಗುವುದೇ, ಅಡ್ಡ ಏನು ಸಿಕ್ಕರೂ ಸರಿ. ಆದರೆ ನಿಯಮವನ್ನು ಅವನು ಬರೀ ಹಟಕ್ಕೆ ಮಾಡಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಒಬ್ಬರು ಸತ್ತರೆ ಒಂದು ಕುದುರೆ, ಏಳನೆಯ ದಿನಕ್ಕೆ ಕುರಿ, ನಲವತ್ತನೆಯ ದಿನಕ್ಕೆ ಮತ್ತೊಂದು, ವರ್ಷಕ್ಕೆ ಇನ್ನೊಂದು. ಸತ್ತವನ ಕೆಲಸ ಮುಗಿಯುವ ಹೊತ್ತಿಗೆ ಬದುಕಿರುವವರ ಕೊಟ್ಟಿಗೆ ಬರಿದಾಗಿ, ಮಕ್ಕಳು ಹಾಲಿಗೆ ಪಕ್ಕದ ಮನೆಗೆ ಹೋಗಬೇಕಾಗುತ್ತಿತ್ತು. ತಿಂದು ಹೋದವರು ಸುಮ್ಮನಿರುತ್ತಿದ್ದರೇ? "ಕುದುರೆ ಬಡಕಲು ಕಣ್ರಿ, ಹಲ್ಲಿಗೆ ಸಿಕ್ಕಿಕೊಂಡಿದ್ದೇ ಬಂತು" ಅಂತ ದಾರಿಯುದ್ದಕ್ಕೂ ಆಡಿಕೊಳ್ಳುತ್ತಿದ್ದರು. ಅಪ್ಪ ಇದನ್ನೆಲ್ಲ ಸಭೆಯಲ್ಲಿ ಎದ್ದು ನಿಂತು ಹೇಳಿದಾಗ ಬಂದವರೆಲ್ಲ ಕೈಯೆತ್ತಿ ಒಪ್ಪಿಕೊಂಡರು. ಸಾಯುವವರು ಬೇರೆ ಯಾರೋ ಎಂದು ಎಲ್ಲರೂ ಅಂದುಕೊಂಡಿದ್ದರೋ ಏನೋ.

ನಿಯಮಕ್ಕೆ ಮೊದಲು ಸಿಕ್ಕಿದ್ದು ಕಾಲಿಪಾಳ ಮನೆ. ಹಳೇ ಗಿರಣಿಯ ಹಿಂದೆ ಅವಳೂ ಅವಳ ಗಂಡ ತೊಕ್ತೊಬಾಯಿಯೂ ಇದ್ದರು, ಮಕ್ಕಳಿಲ್ಲ, ಹಿಂದೆಮುಂದೆ ಮಾತಾಡುವ ನೆಂಟರಿಲ್ಲ. ತೊಕ್ತೊಬಾಯಿ ಒಂದು ಬೆಳಿಗ್ಗೆ ಹುಲ್ಲಿನ ಬಣವೆಯ ಪಕ್ಕದಲ್ಲಿ ಬಿದ್ದವನು ಏಳಲಿಲ್ಲ. ಕಾಲಿಪಾ ಅವನು ಹತ್ತುತ್ತಿದ್ದ ಕುದುರೆಯನ್ನೇ ಕೊಯ್ಯಿಸಲು ಹೊರಟಳು. ಒಲೆಯ ಮೇಲೆ ದೊಡ್ಡ ಕಡಾಯಿ ಏರಿತ್ತು, ನೀರು ಕುದಿಯುತ್ತಿತ್ತು. ಅಪ್ಪ ಹೋಗಿ ಅವಳ ಬಾಗಿಲಲ್ಲಿ ನಿಂತ. ಕುದುರೆಯ ಹಗ್ಗವನ್ನು ಅವಳ ಕೈಯಿಂದ ಬಿಡಿಸಿಕೊಂಡ. ಬೆಂಕಿ ಆರಿಸಿ ಎಂದ. ಅಮ್ಮ ಕಾಲಿಪಾಳನ್ನು ಒಳಗೆ ಕರೆದೊಯ್ದು ಹೆಗಲು ಹಿಡಿದುಕೊಂಡು ಕೂತಳಂತೆ. ಆ ಸಂಜೆ ಮನೆಗೆ ಬಂದವಳು ಅಪ್ಪನಿಗೆ ಊಟ ಬಡಿಸಲಿಲ್ಲ, ಪಾತ್ರೆ ತೋರಿಸಿ ಹೋಗಿ ಮಲಗಿದಳು.

ಇದಾಗಿ ಎರಡನೆಯ ಚಳಿಗಾಲ ಕಳೆಯುತ್ತಿತ್ತು, ಅಮ್ಮನ ಪಿತ್ತಕೋಶ ಕೈಕೊಟ್ಟಿತು. ನಾರಿನ್ ಪಟ್ಟಣದ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನರ್ಥ ಎಂದು ನಮಗೂ ಗೊತ್ತು, ಅವಳಿಗೂ ಗೊತ್ತು. ನಾನು ಗಂಡನ ಮನೆಯಿಂದ ಬಂದು ಉಳಿದೆ. ನನ್ನತ್ತೆ ದಿನಾ ಫೋನ್ ಮಾಡುವಳು. "ಹೇಗಿದ್ದಾರಮ್ಮ ಅನಾರಾ, ನಿಮ್ಮಮ್ಮ? ಹಾಗೇ ಇದ್ದಾರಾ? ಆಯ್ತು, ಆಯ್ತು, ಇರಲಿ ಬಿಡು." ಆ 'ಇರಲಿ ಬಿಡು'ವಿನಲ್ಲಿ ಇನ್ನೂ ಎಷ್ಟು ದಿನವಮ್ಮ ಅನ್ನುವುದು ಚೆನ್ನಾಗಿ ಕೇಳಿಸುತ್ತಿತ್ತು.

ಅಮ್ಮ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿಕೊಂಡಿದ್ದಳು. ಅಲ್ಲಿಂದ ಕೊಟ್ಟಿಗೆ ಕಾಣುತ್ತಿತ್ತು. ಕಂದು ಕುದುರೆ ಅವಳದೇ. ಮರಿಯಾಗಿದ್ದಾಗಿನಿಂದ ತನ್ನ ಸಾವಿಗೆಂದು ಸಾಕಿದ್ದು. ನಮ್ಮಲ್ಲಿ ಇದನ್ನು ಯಾರೂ ಮುಚ್ಚುಮರೆ ಮಾಡುವುದಿಲ್ಲ, ಮದುವೆಗೆ ಬಟ್ಟೆ ತೆಗೆದಿಟ್ಟ ಹಾಗೆ.

"ಅನಾರಾ, ಅದರ ಪಕ್ಕೆ ಮುಟ್ಟಿ ನೋಡಿದ್ಯಾ? ಎಷ್ಟು ಬೆರಳು ಕೊಬ್ಬಿದೆ?"

"ನಾಲ್ಕು ಬೆರಳಮ್ಮ."

"ಸುಳ್ಳಿ. ಮೂರೂ ಇರಲ್ಲ. ಇಲ್ಲಿಂದಲೇ ಕಾಣ್ತದೆ. ನಿಮ್ಮಪ್ಪ ಬಾರ್ಲಿ ಹಾಕ್ತಿಲ್ಲ."

ನಿಜ, ಅಪ್ಪ ಹಾಕುತ್ತಿರಲಿಲ್ಲ. ಬರೀ ಒಣಹುಲ್ಲು ಹಾಕಿ ಬರುತ್ತಿದ್ದ. ಕುದುರೆ ಸೊರಗಿದರೆ ಅಮ್ಮನ ಆಸೆಯೂ ಸೊರಗುತ್ತದೆ ಎಂದು ಲೆಕ್ಕ ಹಾಕಿದ್ದನೇನೋ ಮಹಾನುಭಾವ. ಅಮ್ಮ ನನ್ನನ್ನು ಕಳಿಸಿ ಬಾರ್ಲಿ ಹಾಕಿಸುವಳು. ಅವನು ಹೋಗಿ ಅರ್ಧ ತೆಗೆದು ಕೋಳಿಗಳಿಗೆ ಎರಚುವನು. ಆ ತಿಂಗಳು ನಮ್ಮ ಮನೆಯಲ್ಲಿ ನಿಜವಾಗಿ ದಪ್ಪಗಾದದ್ದು ಕೋಳಿಗಳು.

ಕೊನೆಗೊಂದು ದಿನ ಅಮ್ಮ ಅವನನ್ನು ಎದುರಿಗೇ ಕೂರಿಸಿಕೊಂಡಳು.

"ಏನ್ರೀ ಅಕ್ಸಕಾಲ್ರೇ, ನ್ಯಾಯ ಕೇಳೋಕೆ ಬಂದಿದ್ದೀನಿ. ಹೇಳ್ತೀರಾ?"

"ಏನು ಹೇಳು ಮುದುಕಿ."

"ಈ ಊರಿನ ಒಂದೊಂದು ಮನೆಯಲ್ಲೂ ನಾನು ಸಾವಿನ ಮಾಂಸ ತಿಂದಿದ್ದೀನಿ. ಹೊಸ ಸೊಸೆಯಾಗಿ ಬಂದಾಗಿಂದ ತಿಂತಾ ಇದ್ದೀನಿ. ಬಟ್ಟೆಯಲ್ಲಿ ಕಟ್ಕೊಂಡು ಬಂದು ನಿಮಗೂ ತಿನ್ನಿಸಿದ್ದೀನಿ, ಚಪ್ಪರಿಸಿ ತಿಂದಿದ್ದೀರಿ. ಈಗ ನನ್ನ ಸರದಿ ಬಂತು ಅಂದಾಗ ಅವರಿಗೆಲ್ಲ ಚಹಾ ಕುಡಿಸಿ ಕಳಿಸೋದಾ? ಮಣ್ಣಲ್ಲೂ ನಾನು ಮುಖ ಮುಚ್ಕೊಂಡು ಮಲಗ್ಬೇಕಾಗ್ತದೆ."

"ನಿಯಮ ನಿಯಮ. ನಮ್ಮನೆಗೊಂದು, ಊರಿಗೊಂದು ಅಂತಿಲ್ಲ."

"ನಿಮ್ಮ ನಿಯಮಕ್ಕೆ ನನ್ನನ್ನ ಕೇಳಿದ್ರಾ?"

"ಊರೆಲ್ಲ ಕೈಯೆತ್ತಿತ್ತು."

"ನಾನು ಎತ್ತಲಿಲ್ಲ. ಆವತ್ತು ನಾನು ಹಿಟ್ಟು ನಾದ್ತಾ ಇದ್ದೆ. ನಿಮ್ಮ ಸಭೆಯವರಿಗೇ ರೊಟ್ಟಿ ಮಾಡೋಕೆ."

ಅಪ್ಪ ಎದ್ದು ಹೊರಗೆ ಹೋದ. ಅವನಿಗೆ ಆಗಿನಿಂದ ಕಾಲು ನಿಲ್ಲದಂತಾಯಿತು. ಕೊಟ್ಟಿಗೆಗೆ ಹೋಗುವನು, ಬೇಲಿಯವರೆಗೆ ನಡೆಯುವನು, ಬಂದು ಒಲೆಗೆ ಬೆರಣಿ ತುರುಕುವನು, ಕೂರುವುದರೊಳಗೆ ಮತ್ತೆ ಏಳುವನು. ಚಹಾ ಬಟ್ಟಲನ್ನು ಅರ್ಧ ಕುಡಿದು ಎಲ್ಲೆಲ್ಲೋ ಇಟ್ಟು ಮರೆಯುವನು, ನಾನು ಗೋಡೆಯ ಮೇಲಿಂದಲೂ ಗಾಡಿಯ ಚಕ್ರದ ಪಕ್ಕದಿಂದಲೂ ಬಟ್ಟಲು ಹೆಕ್ಕಿ ತರುತ್ತಿದ್ದೆ. ಬೇಸಿಗೆಗೆ ಮೊದಲಿನ ಗಾಳಿ ಬೇರೆ, ತಗಡಿನ ಸೂರನ್ನು ಹಿಡಿದು ದಡದಡ ಅನ್ನಿಸುತ್ತಿತ್ತು. ಒಳಗೆ ಅಮ್ಮ ನಿದ್ದೆಯಿಲ್ಲದೆ ಮಗ್ಗುಲು ಬದಲಿಸುವಳು, ಹೊರಗೆ ಅಪ್ಪ ದಿಕ್ಕು ಬದಲಿಸುವನು. ಇಬ್ಬರ ನಡುವೆ ನಾನು ಬಾಗಿಲು ತೆರೆಯುತ್ತ ಮುಚ್ಚುತ್ತ ತಲೆ ಕೆಟ್ಟವಳ ಹಾಗಾಗಿದ್ದೆ. ಆಗ ನಾನು ಪೂರ್ತಿ ಅಮ್ಮನ ಕಡೆ. ಸಾಯುವವಳು ಕೇಳಿದ್ದನ್ನು ಕೊಡದಿರುವ ನಿಯಮವನ್ನು ಒಲೆಗೆ ಹಾಕು ಅನ್ನುವುದೇ ನನ್ನ ಮತವಾಗಿತ್ತು.

ಸೋದರಮಾವ ಅಶಿಂಬಾಯ್ ಬಂದು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದ. ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ, ಕಣಿವೆಯಾಚೆಯ ಊರಿನವನು. ಕುದುರೆ ಸಾಕುವುದರಲ್ಲೂ ಮಾತಾಡುವುದರಲ್ಲೂ ಯಾರಿಗೂ ಕಡಿಮೆಯಿಲ್ಲ. ಅಕ್ಕನ ತಲೆ ನೇವರಿಸಿ, ಕಣ್ಣೊರೆಸಿಕೊಂಡು, ಅಪ್ಪನ ಎದುರು ಕಾಲು ಮಡಚಿ ಕೂತ.

"ಭಾವ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ನಮ್ಮ ಕಡೆಯಿಂದ ನೂರು ಜನ ಅಳ್ತಾ ಬರ್ತಾರೆ. ಅವರ ಮುಂದೆ ಏನಿಡ್ತೀರಿ? ಎಣ್ಣೇಲಿ ಕರಿದ ಹಿಟ್ಟಾ?"

"ಬೆಣ್ಣೇನೂ ಇಡ್ತೀವಿ" ಎಂದ ಅಪ್ಪ.

"ನನ್ನ ಅಕ್ಕ ನಾಯಿಯಾ?"

"ನಾಯಿ ಸತ್ತರೆ ಚಹಾನೂ ಕೊಡಲ್ಲ ಅಶಿಂಬಾಯ್."

ಮಾವನ ಮುಖ ಕೆಂಪೇರಿತು. ಅಮ್ಮ ಹಾಸಿಗೆಯಿಂದಲೇ ಖೊಕ್ಕೆಂದು ನಕ್ಕು, ನಕ್ಕಿದ್ದಕ್ಕೆ ಪಕ್ಕೆ ನೋವಾಗಿ ನರಳಿದಳು. ಮಾವ ಬಾಗಿಲವರೆಗೆ ಹೋದವನು ತಿರುಗಿ, "ಕುದುರೆ ಕೊಯ್ಯದಿದ್ರೆ ಈ ಮನೆಯ ಹೊಸ್ತಿಲು ನಾನು ದಾಟಲ್ಲ, ನೆನಪಿರಲಿ" ಎಂದು ಹೇಳಿ ಹೋದ.

ಅದಾದ ಮೇಲೆ ಒಂದು ಬೆಳಿಗ್ಗೆ ನಾನು ಅಮ್ಮನಿಗೆ ಗಂಜಿ ಕುಡಿಸುತ್ತಿದ್ದೆ. ಹೊರಗಿನಿಂದ ಸರ್ ಸರ್ ಎಂದು ಶಬ್ದ ಬಂತು. ಅಪ್ಪ ಮೆಟ್ಟಿಲ ಮೇಲೆ ಕೂತು ಚಾಕು ಮಸೆಯುತ್ತಿದ್ದ. ಪಕ್ಕದಲ್ಲಿ ಹೊಸ ಹಗ್ಗ. ಅಮ್ಮ ಚಮಚವನ್ನು ಕೈಯಿಂದ ಸರಿಸಿದಳು.

"ಯಾರಿಗ್ರೀ ಅದು? ಇನ್ನೂ ಉಸಿರಾಡ್ತಾ ಇದ್ದೀನಿ ನಾನು."

ಅಪ್ಪ ಒಳಗೆ ಬಂದ. ಚಾಕು ಕೈಯಲ್ಲೇ ಇತ್ತು, ಕಣ್ಣು ಕೆಂಪಗಾಗಿತ್ತು. "ಕೊಯ್ತೀನಿ. ನೀನು ಹೋದ ದಿನ ಕೊಯ್ತೀನಿ. ಊರವರು ಏನಾದ್ರೂ ಅಂದ್ಕೊಳ್ಳಲಿ, ಅಕ್ಸಕಾಲ ಅನ್ನೋ ಹೆಸರೂ ಬೇಡ, ಮಣ್ಣೂ ಬೇಡ. ಆಯ್ತಾ? ಸಮಾಧಾನ ಆಯ್ತಾ?"

ನನಗೆ ಖುಷಿಯಾಯಿತು. ಮುದುಕ ಕೊನೆಗೂ ಮನುಷ್ಯನಾದ ಅಂದುಕೊಂಡೆ. ಅಮ್ಮನ ಮುಖದಲ್ಲೂ ಬೆಳಕು ಬಂತು, ಗಂಡನ ಕಡೆ ಕೈಚಾಚಿ ಅವನ ತೋಳು ಹಿಡಿದಳು. ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಕಿಟಕಿಯ ಕಡೆ ನೋಡಿದಳು, ಆ ಬೆಳಕು ನಿಧಾನಕ್ಕೆ ಕಡಿಮೆಯಾಯಿತು.

"ಕಾಲಿಪಾಳನ್ನ ಕೇಳಿ ಬನ್ನಿ" ಎಂದಳು.

"ಯಾರನ್ನ?"

"ಕಾಲಿಪಾಳನ್ನ. ಆವತ್ತು ಅವಳ ಬಾಗಿಲಲ್ಲಿ ನಿಂತಿದ್ರಲ್ಲ? ಕಡಾಯಿ ನೀರು ಅಂಗಳಕ್ಕೆ ಚೆಲ್ಲಿಸಿದ್ರಿ. ಅವಳು ನನ್ನ ತೋಳಿಗೆ ಕಚ್ಚಿದ್ಳು ಕಣ್ರೀ, ಬಾಯಿಂದ ಶಬ್ದ ಬರಬಾರದು ಅಂತ. ನನಗೆ ಮಾಂಸ ಬೇಕು, ಅದೇನೂ ಸುಳ್ಳಲ್ಲ. ಆದರೆ ಅವಳ ಹೊಟ್ಟೆಯುರಿ ಮೇಲೆ ಬೇಯಿಸಿದ್ದು ಬೇಡ. ಹೋಗಿ ಕೇಳಿ. ಅವಳು ಹೂಂ ಅಂದ್ರೆ ಕೊಯ್ಯಿರಿ."

ಅಪ್ಪನಿಗೆ ಸಭೆಯಲ್ಲಿ ನೂರು ಜನರ ಎದುರು ಮಾತಾಡಿ ಗೊತ್ತು. ಆ ದಿನ ಹಳೇ ಗಿರಣಿಯ ದಾರಿಯಲ್ಲಿ ನಾಲ್ಕು ಸಲ ನಿಂತ. ಒಮ್ಮೆ ಬೂಟಿನ ಕೆಸರು ತೆಗೆಯಲು, ಒಮ್ಮೆ ಟೊಪ್ಪಿ ಸರಿಮಾಡಲು, ಉಳಿದ ಎರಡು ಸಲ ಸುಮ್ಮನೆ. ನಾನೂ ಜೊತೆಯಲ್ಲಿದ್ದೆ, ಅಮ್ಮನೇ ಕಳಿಸಿದ್ದಳು, ದಾರಿ ತಪ್ಪಿಸಿಕೊಂಡು ಬೇರೆ ಕಡೆ ಹೋಗದಿರಲಿ ಎಂದು.

ಕಾಲಿಪಾ ಅಂಗಳದಲ್ಲಿ ಬೆರಣಿ ಒಟ್ಟುತ್ತಿದ್ದಳು. ಐವತ್ತು ದಾಟಿದ ಹೆಂಗಸು, ನೇರ ಬೆನ್ನು, ತೆಳು ತುಟಿ. ನಮ್ಮನ್ನು ನೋಡಿ ಕೈ ಕೊಡವಿಕೊಂಡಳೇ ಹೊರತು ಒಳಗೆ ಬನ್ನಿ ಅನ್ನಲಿಲ್ಲ. ಆದರೂ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವಂತಿಲ್ಲವಲ್ಲ, ಒಂದು ರೊಟ್ಟಿ ತಂದು ಮುಂದೆ ಹಿಡಿದಳು. ನಾವು ಚೂರು ಮುರಿದು ಬಾಯಿಗಿಟ್ಟುಕೊಂಡೆವು.

"ಅಕ್ಕ ಹೇಗಿದ್ದಾರೆ?" ಎಂದು ನನ್ನನ್ನು ಕೇಳಿದಳು.

"ಹೀಗೇ ಇದ್ದಾಳೆ."

ಅಪ್ಪ ರೊಟ್ಟಿ ಅಗಿಯುತ್ತಲೇ ಇದ್ದ. ಕೊನೆಗೆ ಹೇಳಿದ. ತಡವರಿಸಿದರೂ ಒಂದನ್ನೂ ಮುಚ್ಚಿಡದೆ ಹೇಳಿದ. ಹೆಂಡತಿ ಕುದುರೆ ಕೇಳುತ್ತಿದ್ದಾಳೆ, ತಾನು ಒಪ್ಪಿದ್ದೇನೆ, ನೀನು ಹೂಂ ಅಂದರೆ ಮಾತ್ರ ಕೊಯ್ಯಬೇಕಂತೆ.

ಕಾಲಿಪಾ ಅವನನ್ನು ಎವೆಯಿಕ್ಕದೆ ನೋಡಿದಳು.

"ಅಕ್ಸಕಾಲ್ರೇ, ನಾನು ಕೊಯ್ಯಿರಿ ಅಂದ್ರೆ ಏನಾಯ್ತು? ನಿಮ್ಮ ಮನೆಯವರು ಮನುಷ್ಯರಾದ್ರು, ನನ್ನ ಗಂಡ ನಾಯಿಯಾದ. ಕೊಯ್ಯಬೇಡಿ ಅಂದ್ರೆ ಏನಾಯ್ತು? ಸಾಯೋ ಹೆಂಗಸಿನ ಆಸೆಗೆ ಅಡ್ಡ ಬಂದ ನಾಯಿ ನಾನಾದೆ. ಇಂಥ ಪ್ರಶ್ನೆ ಎತ್ಕೊಂಡು ನನ್ನ ಮನೆಗೆ ಬರ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಆಗ್ತದೆ" ಎಂದ ಅಪ್ಪ.

"ಆವತ್ತು ನನ್ನನ್ನ ಕೇಳ್ಲಿಲ್ಲ. ಇವತ್ತೂ ಕೇಳಬೇಡಿ. ನಿಮ್ಮ ನಿಯಮ, ನಿಮ್ಮ ಹೆಂಡತಿ, ನಿಮ್ಮ ಕುದುರೆ. ನನ್ನ ತಲೆಗೆ ಕಟ್ಟಬೇಡಿ." ಅಷ್ಟು ಹೇಳಿ ಅವಳು ಬೆರಣಿಯ ಕಡೆ ತಿರುಗಿದಳು. ಬಾಗಿದವಳು ನನಗೆ ಮಾತ್ರ ಕೇಳುವ ಹಾಗೆ, "ಅಕ್ಕನಿಗೆ ನನ್ನ ಸಲಾಂ ಹೇಳು" ಎಂದಳು.

ಹಿಂದಿರುಗುವಾಗ ಅಪ್ಪ ಒಮ್ಮೆಯೂ ನಿಲ್ಲಲಿಲ್ಲ, ನನಗೇ ಓಡಬೇಕಾಯಿತು. ಅಮ್ಮನಿಗೆ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಹೊರಗೆ ಕುದುರೆ ಗೊರಸಿನಿಂದ ನೆಲ ಕೆರೆಯುತ್ತಿತ್ತು.

"ಸರಿಯಾಗೇ ಹೇಳಿದ್ದಾಳೆ" ಎಂದಳು. "ನಾನೂ ನನ್ನ ಹೊರೆ ಅವಳ ಮೇಲೆ ಹಾಕೋಕೆ ನೋಡಿದೆ, ನೀವೂ ಹಾಕೋಕೆ ನೋಡಿದ್ರಿ."

"ಹಾಗಾದ್ರೆ ಏನು ಮಾಡ್ಲಿ ಹೇಳು."

"ನಾನು ಕೇಳೋದನ್ನ ಕೇಳಿ ಆಯ್ತು. ಬೇಡ ಅಂತ ನನ್ನ ಬಾಯಲ್ಲಿ ಬರಲ್ಲ ಕಣ್ರೀ, ಬರಿಸಬೇಡಿ. ನೀವೇ ನೋಡ್ಕೊಳ್ಳಿ. ಏನೇ ಮಾಡಿದ್ರೂ ಆವತ್ತು ಕೊಟ್ಟಿಗೆ ಹಿಂದೆ ಹೋಗಿ ಅಡಗಿ ಕೂರಬೇಡಿ, ಅಷ್ಟೆ."

ನಾನು ಆ ರಾತ್ರಿಯೂ ಮರುದಿನವೂ ಕಾದೆ, ಅಮ್ಮ ಇನ್ನೇನಾದರೂ ಹೇಳುತ್ತಾಳೆಂದು. ಬಿಟ್ಟುಕೊಟ್ಟೆ ಅಂತಲಾದರೂ ಅನ್ನಲಿ, ಇಲ್ಲ ಕೊಯ್ಯಲೇಬೇಕು ಅಂತಲಾದರೂ ಅನ್ನಲಿ. ಅವಳು ಸೊಸೆಯಾಗಿ ಬಂದ ವರ್ಷದ ಹಿಮದ ಬಗ್ಗೆ ಮಾತಾಡಿದಳು, ನನ್ನ ಅತ್ತೆಯ ಫೋನನ್ನು ಅಣಕಿಸಿ ನನ್ನನ್ನು ನಗಿಸಿದಳು, ಕೆನೆ ಕೇಳಿ ನೆಕ್ಕಿದಳು. ಕುದುರೆಯ ಮಾತೆತ್ತಲಿಲ್ಲ. ಆ ವಾರ ದಾಟಲಿಲ್ಲ. ಬೆಳಗಿನ ಚಹಾ ತಣ್ಣಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಅಮ್ಮನನ್ನು ಒಳಗೆ ಮಲಗಿಸಿ ನಡುವೆ ಪರದೆ ಕಟ್ಟಿದೆವು. ಹೆಂಗಸರು ಗೋಡೆಗೆ ಮುಖ ಮಾಡಿ ಕೂತೆವು, ಗಂಡಸರು ಹೊರಗೆ ಕೋಲೂರಿ ನಿಂತರು. ಚಿಕ್ಕಪ್ಪನ ಹುಡುಗರು ಕಡಾಯಿ ಏರಿಸಲು ಮೂರು ಕಲ್ಲು ಹೂಡಿ, ಏನು ಬೇಯಿಸಬೇಕೆಂದು ಗೊತ್ತಾಗದೆ ಅಪ್ಪನ ಮುಖ ನೋಡುತ್ತಿದ್ದರು.

ನಾನು ಎದ್ದು ಹೋದೆ. ಅಪ್ಪ ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಹಗ್ಗವೂ ಇಲ್ಲ, ಚಾಕುವೂ ಇಲ್ಲ.

"ಅಪ್ಪಾ, ಕುದುರೆ ಬಿಚ್ಚಲ್ವಾ?"

"ಇಲ್ಲ."

"ಮಾತು ಕೊಟ್ಟಿದ್ದೆಯಲ್ಲ ಅಮ್ಮನಿಗೆ! ಅವಳ ಕೈಯ ಬಿಸಿ ಇನ್ನೂ ನಿನ್ನ ತೋಳಲ್ಲಿದೆ."

"ಕೊಟ್ಟಿದ್ದೆ. ಊರಿಗೂ ಕೊಟ್ಟಿದ್ದೆ. ಕಾಲಿಪಾಳಿಂದ ಕಿತ್ಕೊಂಡಿದ್ದೆ. ಇದ್ರಲ್ಲಿ ಒಂದನ್ನ ಮುರೀಲೇಬೇಕು ಅನಾರಾ. ಇನ್ನೊಬ್ಬರದ್ದನ್ನ ಮುರಿಯೋದು ಸುಲಭ, ಆವತ್ತು ಮಾಡಿ ನೋಡಿದ್ದೀನಿ. ನನ್ನ ಮನೆಯದನ್ನೇ ಮುರೀತೀನಿ."

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಕಲ್ಲು ಅಂದೆ, ಕಟುಕ ಅಂದೆ. ಕಟುಕನಾಗಿದ್ದರೆ ಕುದುರೆ ಕೊಯ್ಯುತ್ತಿದ್ದ ಅನ್ನುವುದು ಆ ಸಿಟ್ಟಿನಲ್ಲಿ ಹೊಳೆಯಲಿಲ್ಲ. ಅವನು ಬಾಗಿಲು ಬಿಟ್ಟು ಕದಲಲಿಲ್ಲ.

ಅಷ್ಟರಲ್ಲಿ ಅಶಿಂಬಾಯ್ ಮಾವನ ಕಡೆಯವರು ಬಂದರು. ಬೇಲಿಯ ತಿರುವಿನಿಂದಲೇ ಕುದುರೆ ಓಡಿಸಿಕೊಂಡು, "ಅಕ್ಕಾ, ನನ್ನ ಅಕ್ಕಾ" ಎಂದು ಕೂಗಿ ಅಳುತ್ತ ಬಂದರು. ಮಾವ ಇಳಿಯುವ ಮುಂಚೆಯೇ ಖಾಲಿ ಕಲ್ಲುಗಳನ್ನು ನೋಡಿದ, ಚಹಾದ ಹಂಡೆ ನೋಡಿದ. ಅಳುವುದನ್ನು ಅಲ್ಲಿಗೇ ನಿಲ್ಲಿಸಿದ.

"ಭಾವ, ಕುದುರೆ ಎಲ್ಲಿ?"

"ಹಿಂದಿದೆ. ಕೊಯ್ಯಲ್ಲ."

"ಅಕ್ಕ ಕೇಳಿರಲಿಲ್ವಾ?"

"ಕೇಳಿದ್ಳು. ಕೊನೇವರೆಗೂ ಬೇಡ ಅನ್ನಲಿಲ್ಲ. ನಾನು ಕೊಡ್ತೀನಿ ಅಂದಿದ್ದೆ, ಈಗ ಕೊಡ್ತಿಲ್ಲ. ಬೈಯೋದಿದ್ರೆ ನನ್ನನ್ನ ಬೈಯಿ. ಅವಳನ್ನ ಬೈಬೇಡ, ನಿಯಮಾನೂ ಬೈಬೇಡ."

ಅಪ್ಪ ಸುಲಭವಾಗಿ ಸುಳ್ಳು ಹೇಳಬಹುದಿತ್ತು. ಮುದುಕಿಯೇ ಕೊನೆಗೆ ಬೇಡವೆಂದಳು ಅಂದಿದ್ದರೆ ಎಲ್ಲರೂ ತಲೆದೂಗಿ ಚಹಾ ಕುಡಿಯುತ್ತಿದ್ದರು. ನಾನೂ ಬಾಯಿ ಬಿಡುತ್ತಿರಲಿಲ್ಲ. ಮಾವ ಚಾವಟಿ ಎತ್ತಿದ, ಹೊಡೆದೇಬಿಡುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ, ಅಪ್ಪನ ಬೂಟಿನ ಮುಂದೆ ಉಗಿದು ಕುದುರೆ ತಿರುಗಿಸಿದ. ಬೇಲಿಯಾಚೆ ಹೋಗಿ ನಿಂತ. ಹೋಗಲೂ ಇಲ್ಲ, ಇಳಿಯಲೂ ಇಲ್ಲ. ಹೆಣ ಎತ್ತುವವರೆಗೆ ಜೀನಿನ ಮೇಲೇ ಕೂತಿದ್ದ, ಅವನ ಕಡೆಯವರೂ ಹಾಗೇ.

ಒಳಗೆ ಬಂದು ಅಮ್ಮನ ಪಕ್ಕ ಕೂತೆ. ಮಗಳಾದವಳು ಹಾಡಿ ಅಳಬೇಕು, ಸತ್ತವಳ ಗುಣ, ನಡತೆ, ಪಟ್ಟ ಪಾಡು ಎಲ್ಲವನ್ನೂ ಹಾಡಾಗಿ ಕಟ್ಟಿ ಹೇಳಬೇಕು. ಹಾಗೆ ಹಾಡುವವಳು ಏನು ಹೇಳಿದರೂ ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ನಾಡಾಳುವ ಖಾನನೇ ಬಂದರೂ ಕೇಳಿಸಿಕೊಳ್ಳಬೇಕು. ನನಗೆ ಹಾಡು ಬರಲಿಲ್ಲ. ಒಂದು ಸಾಲು ಶುರು ಮಾಡಿದರೆ ಸಿಟ್ಟು ಬಂದು ಅದನ್ನು ಅರ್ಧಕ್ಕೇ ಕಡಿಯುತ್ತಿತ್ತು. ಹೆಂಗಸರು ಪಿಸುಗುಡತೊಡಗಿದ್ದರು. ಮಾಂಸವೂ ಇಲ್ಲ, ಹಾಡೂ ಇಲ್ಲ, ಬುಬುಸಾರಾಳಂಥವಳಿಗೆ ಇದೆಂಥ ಗತಿ ಎಂದು ಒಬ್ಬಳು ಅಂದದ್ದು ನನಗೇ ಕೇಳಿಸಿತು.

ಬಾಗಿಲ ಪರದೆ ಸರಿಯಿತು. ಕಾಲಿಪಾ ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ನನ್ನ ಮಗ್ಗುಲಲ್ಲಿ ಕೂತು, ಗೋಡೆಗೆ ತಿರುಗಿ, ಎರಡೂ ಕೈಯನ್ನು ಸೊಂಟಕ್ಕೆ ಒತ್ತಿಕೊಂಡಳು. ಅವಳ ದನಿ ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಗುಡಾರದ ಉಣ್ಣೆಗೋಡೆ ದಾಟಿ ಬೇಲಿಯಾಚೆಯವರಿಗೂ ಕೇಳುವಂತೆ ಹಾಡಿದಳು.

"ನನ್ನವನು ಒಳಗೆ ತಣ್ಣಗೆ ಮಲಗಿದ್ದ ಅಕ್ಕಾ,
ಕುದಿವ ನೀರನು ಚೆಲ್ಲಿಸಿ ನನ್ನ ಬಾಗಿಲಲಿ ನಿಂತ ನಿನ್ನವನು.
ಬಡವಿಯ ಬಾಗಿಲು, ನಿಲ್ಲಲು ಯಾರಿಗೆ ಭಯ ಅಕ್ಕಾ,
ಗಾಳಿಯೂ ನಿಲ್ಲುತ್ತದೆ, ನಾಯಿಯೂ ನಿಲ್ಲುತ್ತದೆ.
ನಿನ್ನ ಕೈಯೊಂದೇ ಇತ್ತು ನನ್ನ ಹೆಗಲ ಮೇಲೆ,
ಕಚ್ಚಿದೆ ಅದನು, ನೀನು ತೆಗೆಯಲಿಲ್ಲ.
ಶಪಿಸಿದೆ ಅಕ್ಕಾ, ದಿನಾ ಬೆಳಿಗ್ಗೆ ಶಪಿಸಿದೆ,
ಇವನ ಬಾಗಿಲಿಗೂ ಸಾವು ಬರಲಿ, ಇವನೇನು ಮಾಡುವನೋ ನೋಡೋಣ ಎಂದೆ.
ನಿನ್ನನು ಕೇಳಿರಲಿಲ್ಲ ನಾನು, ನಿನ್ನನು ಕೇಳಿರಲಿಲ್ಲ.
ಇವತ್ತು ನೋಡಿದೆ, ನಿಂತಿದ್ದಾನೆ.
ನನ್ನ ಬಾಗಿಲಲಿ ನಿಂತ ಹಾಗೆಯೇ ತನ್ನ ಬಾಗಿಲಲ್ಲೂ ನಿಂತಿದ್ದಾನೆ.
ಈಗ ಏಳು ತೊಕ್ತೊಬಾಯಿ, ಬುಬುಸಾರಾ ಅಕ್ಕ ಬರುತ್ತಿದ್ದಾಳೆ,
ನಿನ್ನಂತೆಯೇ ಬರಿಗೈಯಲಿ ಬರುತ್ತಿದ್ದಾಳೆ, ಜಾಗ ಮಾಡು."

ಹೊರಗೆ ಒಂದು ದನಿ ಎದ್ದಿತು. ಮೊದಲು ಯಾವುದೋ ಹೋರಿ ಅಂದುಕೊಂಡೆ. ಗಡ್ಡ ಬೆಳ್ಳಗಾದ ಗಂಡಸು ಹೆಂಡತಿಗಾಗಿ ಗಂಟಲೆತ್ತಿ ಅಳುವುದನ್ನು ನಮ್ಮೂರಲ್ಲಿ ನಾನು ಕೇಳಿರಲಿಲ್ಲ. ಅಪ್ಪ ಅಳುತ್ತಿದ್ದ. ಹಾಡಿನ ಪದವಿಲ್ಲ, ಪದ್ಧತಿಯಿಲ್ಲ, ಬರೀ ಅವಳ ಹೆಸರು ಕೂಗುತ್ತಿದ್ದ. ನನಗೂ ಆಗಲೇ ದನಿ ಬಂದದ್ದು. ಕಾಲಿಪಾಳ ದನಿಯ ಕೆಳಗೆ ನನ್ನ ದನಿ ಸೇರಿಸಿ ನಾನೂ ಅಮ್ಮನನ್ನು ಕರೆದೆ.

ಸಿಟ್ಟು ಇಳಿಯಿತೆಂದರೆ ಸುಳ್ಳಾಗುತ್ತದೆ. ಅಮ್ಮ ಒಂದೇ ಕೇಳಿದ್ದಳು, ಅದು ಸಿಗಲಿಲ್ಲ. ಅಶಿಂಬಾಯ್ ಮಾವ ಇವತ್ತಿಗೂ ನಮ್ಮ ಹೊಸ್ತಿಲು ದಾಟಿಲ್ಲ. ಆ ದಿನದಿಂದ ಊರಲ್ಲಿ ಯಾರ ಸಾವಿಗೂ ಕುದುರೆ ಕೊಯ್ದಿಲ್ಲ, ಒಮುರ್ಜಾಕ್ ಅಂದರೆ ಉಕ್ಕು ಎಂದು ಮದುವೆ ಮನೆಗಳಲ್ಲಿ ಹೊಗಳುತ್ತಾರೆ. ಹಾಗೆ ಹೊಗಳಿದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಾನೆ.

ಆ ದಿನ ಹೆಣ ಎತ್ತಿದ ಮೇಲೆ ಕಾಲಿಪಾ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಸ್ಮಶಾನದಿಂದ ಬಂದ ಅಪ್ಪ ಕೈ ತೊಳೆದು, ತಾನೇ ಹಂಡೆಯಿಂದ ಚಹಾ ಬಗ್ಗಿಸಿ, ಹಾಲು ಹಾಕಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತ. ನಮ್ಮಲ್ಲಿ ಹಿರಿಯ ಗಂಡಸು ಹೆಂಗಸಿಗೆ ಚಹಾ ಕೊಡುವುದಿಲ್ಲ. ಅವಳು ತಗೊಳ್ಳಲು ಬಹಳ ಹೊತ್ತು ಮಾಡಿದಳು. ತುಂಬಿದ ಬಟ್ಟಲಿನಿಂದ ಚಹಾ ತುಳುಕಿ ಅವನ ಬೆರಳ ಮೇಲೆ ಚೆಲ್ಲುತ್ತಿತ್ತು, ಅವನು ಬಟ್ಟಲು ಇಳಿಸಲಿಲ್ಲ.

"ಕೊಡಿ ಭಾವ, ಕೈ ಸುಟ್ಟೀತು" ಎಂದಳು ಕಾಲಿಪಾ.